ನಿಮ್ಮ ಏರ್ ರೈಫಲ್‌ಗೆ ಯಾವ ಪೆಲೆಟ್? ಹೊಡೆದು ನೋಡಿ, ಆಮೇಲೆ ಕೊಳ್ಳಿ

ಮಗಳ ಸ್ಕೋರ್ ಏರುತ್ತಿಲ್ಲ ಎಂದು ಹೊಸ ಜಾಕೆಟ್ಟು, ಹೊಸ ಬೂಟು ಕೊಡಿಸುವ ಅಪ್ಪ ಅಮ್ಮಂದಿರು ಪೆಲೆಟ್ (ಏರ್ ರೈಫಲ್‌ನಲ್ಲಿ ಹೊಡೆಯುವ ಸೀಸದ ಪುಟ್ಟ ಗುಂಡು) ವಿಚಾರ ಬಂದಾಗ ಮಾತ್ರ ಅಂಗಡಿಯವರ ಮಾತಿಗೆ ತಲೆಯಾಡಿಸುತ್ತಾರೆ. ಇಲ್ಲವೇ ಪಕ್ಕದ ಲೇನಿನ ಹುಡುಗ ಹೊಡೆಯುವ ಡಬ್ಬಿಯನ್ನೇ ತರಿಸುತ್ತಾರೆ. ಆದರೆ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಒಂದೇ ಪೆಲೆಟ್ ಹೊಂದಬೇಕೆಂದಿಲ್ಲ. ಹೊಂದುವುದನ್ನು ಹುಡುಕಬೇಕು.

ಅಮೆರಿಕದಲ್ಲಿ ರೈಫಲ್ ಹವ್ಯಾಸಿಗಳು ಮನೆಯಲ್ಲೇ ಮದ್ದು ತೂಗಿ, ತಮ್ಮ ಬ್ಯಾರೆಲ್‌ಗೆ ಒಗ್ಗುವ ತೋಟಾ ತಯಾರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಅದಕ್ಕೆ ಕೈಹಾಕಿದರೆ ಅಪರಾಧ. 10 ಮೀಟರ್ ಏರ್ ರೈಫಲ್‌ನವರಿಗೆ ಅದರ ಅಗತ್ಯವೂ ಇಲ್ಲ. ತಯಾರಾಗಿ ಬಂದ ಪೆಲೆಟ್‌ಗಳಲ್ಲಿ ಸರಿಯಾದದ್ದನ್ನು ಆರಿಸಿಕೊಂಡರೆ ಸಾಕು.

ಇಷ್ಟೆಲ್ಲ ಏಕೆ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಟಾರ್ಗೆಟ್ ನಡುವಿನ 10ರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಒಂದು ಗುಂಡಿಗೆ ಅತಿ ಹೆಚ್ಚೆಂದರೆ 10.9 ಅಂಕ; ಕೇಂದ್ರದಿಂದ ಕಾಲು ಮಿ.ಮೀ. ಸರಿದಂತೆಲ್ಲ 0.1 ಅಂಕ ಹೋಗುತ್ತದೆ. ಶೂಟರ್ ಏನೂ ತಪ್ಪು ಮಾಡದೆ, ಪೆಲೆಟ್ಟೇ 1 ಮಿ.ಮೀ. ಆಚೆ ಹೋದರೆ 10.9 ಆಗಬೇಕಿದ್ದದ್ದು 10.6. ಪಂದ್ಯದಲ್ಲಿ 60 ಗುಂಡು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತು, ಫೈನಲ್ ಎರಡೂ ಸೇರಿ ಅಭಿನವ್ ಬಿಂದ್ರಾ 700.5, ಎರಡನೆಯವರು 699.7. ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು 0.8.

1. ಸ್ಯಾಂಪಲ್ ಕೂಡಿಸಿ

ಚಪ್ಪಟೆ ಮೂತಿಯ ಮ್ಯಾಚ್ (ಸ್ಪರ್ಧೆಗೆಂದೇ ಮಾಡಿದ) ಪೆಲೆಟ್ ಮಾತ್ರ. ರೈಫಲ್‌ಗೆ ಸುಮಾರು 0.53 ಗ್ರಾಂ ತೂಕದ್ದು. ಚೂಪು ಮೂತಿಯವು, ಬಣ್ಣ ಬಳಿದವು, ‘ಸೂಪರ್ ಪವರ್’ ಎಂದು ಬರೆದ ಡಬ್ಬಿಗಳನ್ನು ಮುಟ್ಟಲೂ ಬೇಡಿ. ಆರ್‌ಡಬ್ಲ್ಯುಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಮ್ಯಾಚ್ ಇವು ರೇಂಜ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು.

ಹೆಸರಿಗಿಂತ ಮುಖ್ಯ, ಡಬ್ಬಿಯ ಮೇಲಿನ ಎರಡು ಸಂಖ್ಯೆಗಳು. ಒಂದು ಪೆಲೆಟ್ ತಲೆಯ ವ್ಯಾಸ: 4.49, 4.50, 4.51 ಮಿ.ಮೀ. ಹೀಗೆ. ಇನ್ನೊಂದು ಬ್ಯಾಚ್ ನಂಬರು. ಬ್ಯಾಚ್ ಬದಲಾದರೆ ಪೆಲೆಟ್ಟೇ ಬದಲಾಯಿತು ಎಂದುಕೊಳ್ಳಿ, ಡಬ್ಬಿ ನೋಡಲು ಎಷ್ಟೇ ಒಂದೇ ಥರ ಇದ್ದರೂ. ಐದಾರು ಬಗೆ ಸಾಕು. ಎಲ್ಲವನ್ನೂ ಕೊಳ್ಳಬೇಕಿಲ್ಲ, ಕ್ಲಬ್ಬಿನ ಗೆಳೆಯರಿಂದ ಐವತ್ತೈವತ್ತು ಕೇಳಿ ಪಡೆಯಿರಿ, ನಿಮ್ಮದನ್ನೂ ಕೊಡಿ.

2. ರೈಫಲ್ ಸಿದ್ಧಮಾಡಿ

ಸ್ಕ್ರೂಗಳೆಲ್ಲ ಬಿಗಿಯಾಗಿವೆಯೇ, ಗಾಳಿ ತುಂಬಿದ ಸಿಲಿಂಡರಿನಲ್ಲಿ ಸಾಕಷ್ಟು ಒತ್ತಡವಿದೆಯೇ, ಅದರ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ಬ್ಯಾರೆಲ್ ಕ್ಲೀನ್ ಮಾಡಿದ್ದರೆ ಮೊದಲ ಇಪ್ಪತ್ತು ಮೂವತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

3. ಹೊಡೆಯುವುದು: ಎಡವುವುದು ಇಲ್ಲೇ

ನಿಂತು ಹೊಡೆದು ಪೆಲೆಟ್ ಪರೀಕ್ಷೆ ಮಾಡುವುದನ್ನು ಮೊದಲು ಬಿಡಿ. ಒಳ್ಳೆಯ ಶೂಟರ್ ನಿಂತಾಗಲೂ ಅಲುಗುವಿಕೆ ಪೆಲೆಟ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಆಗ ನೀವು ಅಳೆಯುವುದು ಮಗಳ ಅಂದಿನ ಮೂಡನ್ನು, ಪೆಲೆಟ್ಟನ್ನಲ್ಲ.

ಕ್ಲಬ್ಬಿನಲ್ಲಿ ರೈಫಲ್ ಕಚ್ಚಿಸುವ ವೈಸ್ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಅಲುಗಾಡದ ಮೇಜು, ಮುಂದೊಂದು ಹಿಂದೊಂದು ಮರಳಿನ ಚೀಲ. ಚೀಲ ಸ್ಟಾಕಿನ (ರೈಫಲ್ ಹಿಡಿಯುವ, ಭುಜಕ್ಕೆ ಆನಿಸುವ ಭಾಗ) ಮರಕ್ಕೋ ಅಲ್ಯುಮಿನಿಯಂಗೋ ತಾಗಲಿ. ಬ್ಯಾರೆಲ್‌ಗಾಗಲಿ ಸಿಲಿಂಡರಿಗಾಗಲಿ ತಾಗಬಾರದು. ಪ್ರತಿ ಸಲವೂ ಸ್ಟಾಕಿನ ಅದೇ ಜಾಗ ಚೀಲದ ಮೇಲೆ ಕೂರಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ರೈಫಲ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಪ್ರತಿ ಗುಂಡಿಗೂ ಗಾಳಿಯ ಒತ್ತಡ ಸಮನಾಗಿಡುವ ರೆಗ್ಯುಲೇಟರ್‌ನಲ್ಲಿ ಒತ್ತಡ ತುಸು ಏರಿ, ಮುಂದಿನ ಗುಂಡು ಬೇರೆ ವೇಗದಲ್ಲಿ ಹೊರಡಬಹುದು. ಚಹಾ ಕುಡಿದು ಬಂದು ಹೊಡೆದ ಮೊದಲ ಎರಡು ಗುಂಡು ಲೆಕ್ಕಕ್ಕಿಲ್ಲ. ಪೆಲೆಟ್ ಬದಲಿಸಿದಾಗಲೂ ಮೊದಲ ಐದನ್ನು ಬೇರೆ ಟಾರ್ಗೆಟ್‌ಗೆ ಹೊಡೆದುಬಿಡಿ.

ಈಗ ಸಂಖ್ಯೆಯ ಮಾತು. ಐದು ಗುಂಡು ಹೊಡೆದು, ಐದೂ ಒಂದೇ ತೂತಿನಲ್ಲಿ ಹೋದವೆಂದು ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವವರಿದ್ದಾರೆ. ಐದು ಗುಂಡಿನಿಂದ ಏನೂ ತಿಳಿಯುವುದಿಲ್ಲ. ಅದೇ ಪೆಲೆಟ್ಟಿನ ಹತ್ತು ಗುಂಡಿನ ಗ್ರೂಪ್ (ಟಾರ್ಗೆಟ್ ಮೇಲೆ ಬಿದ್ದ ತೂತುಗಳ ಗುಂಪು) ಸರಾಸರಿಯಲ್ಲಿ ಐದರದ್ದಕ್ಕಿಂತ ಕಾಲುಪಾಲಿನಷ್ಟು ದೊಡ್ಡದಾಗಿಯೇ ಬರುತ್ತದೆ. ಅದು ಪೆಲೆಟ್ಟಿನ ದೋಷವಲ್ಲ, ಗುಂಡು ಹೆಚ್ಚಿದಷ್ಟೂ ದೂರ ಹೋಗುವ ಒಂದು ಸಿಕ್ಕೇ ಸಿಗುತ್ತದೆ. ಹಾಗಾಗಿ ಒಂದರ ಐದನ್ನು ಇನ್ನೊಂದರ ಹತ್ತಕ್ಕೆ ಹೋಲಿಸಬೇಡಿ. ಪ್ರತಿ ಬಗೆಗೂ ಹತ್ತು ಗುಂಡಿನ ಮೂರು ಗ್ರೂಪ್, ಅದಕ್ಕಿಂತ ಕಡಿಮೆ ಬೇಡ.

ಒಂದೇ ಬಗೆಯ ಮೂರೂ ಗ್ರೂಪ್‌ಗಳನ್ನು ಒಟ್ಟಿಗೆ ಹೊಡೆದು ಮುಗಿಸಲೂಬಾರದು. ಬಗೆಗೊಂದು ಅಕ್ಷರ ಕೊಟ್ಟು ಎ, ಬಿ, ಸಿ, ಮತ್ತೆ ಎ, ಬಿ, ಸಿ ಎಂದು ಸುತ್ತು ಹಾಕಿ. ಬೆಳಿಗ್ಗೆಯಿಂದ ಮಧ್ಯಾಹ್ನದ ಹೊತ್ತಿಗೆ ಬೆಳಕು ಬದಲಾಗುತ್ತದೆ, ಕಣ್ಣು ದಣಿಯುತ್ತದೆ, ಸಿಲಿಂಡರ್ ಇಳಿಯುತ್ತದೆ. ಆ ಏರುಪೇರು ಎಲ್ಲಕ್ಕೂ ಸಮನಾಗಿ ಹಂಚಿಹೋಗಲಿ. ಯಾವ ಅಕ್ಷರ ಯಾವ ಡಬ್ಬಿ ಎಂಬುದು ಕೋಚ್‌ಗೋ ಅಪ್ಪನಿಗೋ ಗೊತ್ತಿರಲಿ, ಹೊಡೆಯುವವರಿಗೆ ಬೇಡ. ದುಬಾರಿ ಡಬ್ಬಿ ಎಂದು ತಿಳಿದರೆ ಟ್ರಿಗರ್ ಮೇಲಿನ ಬೆರಳು ತಾನಾಗಿಯೇ ಮೆತ್ತಗಾಗುತ್ತದೆ.

ನಡುವೆ ಸೈಟ್ (ರೈಫಲ್ ಮೇಲಿನ ಗುರಿ ಹಿಡಿಯುವ ಸಾಧನ) ಮುಟ್ಟಬೇಡಿ. ಗ್ರೂಪ್ ಎಡಕ್ಕೆ ಬಿದ್ದರೆ ಬೀಳಲಿ. ನಮಗೆ ಬೇಕಾದದ್ದು ಎಷ್ಟು ಚದುರಿತು ಎಂಬುದು, ಎಲ್ಲಿ ಬಿತ್ತು ಎಂಬುದಲ್ಲ.

ಒಂದು ಗುಂಡು ದೂರ ಹೋದಾಗ ‘ಅದು ನನ್ನ ತಪ್ಪು, ಬಿಟ್ಟುಬಿಡೋಣ’ ಎನ್ನುವ ಚಪಲ ಬರುತ್ತದೆ. ಬಿಡುವುದಿದ್ದರೆ ಟ್ರಿಗರ್ ಎಳೆದ ಕ್ಷಣದಲ್ಲೇ, ಟಾರ್ಗೆಟ್ ನೋಡುವ ಮೊದಲೇ ಹೇಳಿರಬೇಕು. ನೋಡಿದ ಮೇಲೆ ಬಿಟ್ಟ ಗುಂಡು ಮೋಸ.

4. ಅಳೆಯಿರಿ

ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಅದೇ ಹೇಳುತ್ತದೆ. ಕಾಗದದ್ದಾದರೆ, ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು 4.5 ಮಿ.ಮೀ. ಕಳೆಯಿರಿ. ಸಾಮಾನ್ಯ ಜೆರಾಕ್ಸ್ ಹಾಳೆ ಹರಿಯುತ್ತದೆ. ಟಾರ್ಗೆಟ್ ಕಾರ್ಡೇ ಬೇಕು.

ಮೂರೂ ಗ್ರೂಪ್‌ಗಳ ಸರಾಸರಿ ನೋಡಿ, ಅತಿ ಚಿಕ್ಕ ಗ್ರೂಪನ್ನಲ್ಲ. ಮೂರರಲ್ಲಿ ಒಂದು ಮುದ್ದಾಗಿ, ಎರಡು ಒರಟಾಗಿ ಬಂದ ಪೆಲೆಟ್‌ಗಿಂತ ಮೂರೂ ಸಾಧಾರಣವಾಗಿ ಬಂದದ್ದು ನನಗೆ ಇಷ್ಟ. ಮೊದಲ ಎರಡು ಸ್ಥಾನ ತೀರಾ ಹತ್ತಿರವಿದ್ದರೆ ಅವೆರಡನ್ನೇ ಇನ್ನೊಂದು ದಿನ ಮತ್ತೆ ಹೊಡೆಯಿರಿ. ಆಗಲೂ ಬೇರೆಯಾಗದಿದ್ದರೆ ಅಗ್ಗದ್ದನ್ನು ಕೊಳ್ಳಿ.

ಪೆಲೆಟ್‌ಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿ ತೂಗಿ ವಿಂಗಡಿಸುವವರನ್ನು ಕಂಡಿದ್ದೇನೆ. ಒಳ್ಳೆಯ ಮ್ಯಾಚ್ ಪೆಲೆಟ್‌ಗೆ ಅದು ಕಾಲಹರಣ. ಅದರ ಬದಲು ಪೆಲೆಟ್ಟಿನ ಹಿಂಬದಿಯಲ್ಲಿ ಲಂಗದಂತೆ ಅರಳಿದ ಭಾಗದ ಅಂಚು ನೋಡಿ. ಗಾಳಿಯ ಒತ್ತಡಕ್ಕೆ ಹಿಗ್ಗಿ ಬ್ಯಾರೆಲ್ಲಿನ ಗೀರುಗಳಿಗೆ ಕಚ್ಚಿಕೊಳ್ಳಬೇಕಾದದ್ದು ಆ ಅಂಚು. ಅದು ನೆಗ್ಗಿದ್ದರೆ ತೂಕ ಸರಿಯಿದ್ದೂ ಪ್ರಯೋಜನವಿಲ್ಲ. ಡಬ್ಬಿ ಕೆಳಗೆ ಬಿದ್ದರೆ ಅದನ್ನು ಅಭ್ಯಾಸಕ್ಕೆ ಇಟ್ಟುಬಿಡಿ.

5. ಕೊಳ್ಳಿ, ಇಡಿ

ಗೆದ್ದ ಬ್ಯಾಚ್ ನಂಬರನ್ನೇ ಹೇಳಿ ತರಿಸಿ. ‘ಅದೇ ಕಂಪನಿದು ಸಾರ್, ಎಲ್ಲಾ ಒಂದೇ’ ಎಂದರೆ ಬೇರೆ ಅಂಗಡಿ ನೋಡಿ. ದಿನಕ್ಕೆ 100 ಗುಂಡು ಹೊಡೆಯುವವರಿಗೆ 500ರ ಡಬ್ಬಿ ಐದೇ ದಿನ, ಆದ್ದರಿಂದ ಕೈಲಾದಷ್ಟು ಒಟ್ಟಿಗೆ ಕೊಳ್ಳಿ. ಕರಾವಳಿಯವರು ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಅಂಥದ್ದನ್ನು ಹೊಡೆಯಬೇಡಿ. ಸೀಸ ವಿಷ: ಪೆಲೆಟ್ ಬಾಯಲ್ಲಿಟ್ಟುಕೊಳ್ಳುವ ಮಕ್ಕಳನ್ನು ಗದರಿಸಿ, ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಸಿ.

ಕೊನೆಯ ಆರೇಳು ಡಬ್ಬಿ ಉಳಿದಿರುವಾಗಲೇ ಹೊಸ ಬ್ಯಾಚ್‌ಗಳ ಸ್ಯಾಂಪಲ್ ಕೇಳಿ. ಹಳೆಯದನ್ನೂ ಸಾಲಿನಲ್ಲಿ ನಿಲ್ಲಿಸಿ ಹೊಡೆದರೆ ಮಾತ್ರ ಹೊಸದು ಅದಕ್ಕಿಂತ ಮೇಲೋ ಕೀಳೋ ಗೊತ್ತಾಗುತ್ತದೆ.