ಒಂದು ಮೊಬೈಲು, ಒಂದು ಸ್ಪೀಕರು: ಮಳೆಗಾಲದ ಪದ್ಯಪಾಠಕ್ಕೆ ಇಷ್ಟು ಸಾಕು

ಮೊದ್ಲೇ ಹೇಳಿಬಿಡ್ತೀನಿ, ಪದ್ಯ ಕಲಿಸೋಕೆ ಪ್ರೊಜೆಕ್ಟರಿಗಿಂತ ಮೊಬೈಲಲ್ಲಿರೋ ವಾಯ್ಸ್ ರೆಕಾರ್ಡರೇ ಮೇಲು. ಹೊಸನಗರ ಕಡೆ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತಾ ಪೆಟ್ಟು ತಿಂದು ಕಲ್ತಿದ್ದು ಇದು. ಸ್ಮಾರ್ಟ್ ಕ್ಲಾಸ್ ಬಂದ ಹೊಸದ್ರಲ್ಲಿ ರಾತ್ರಿ ಹನ್ನೊಂದರ ತನಕ ಕೂತು ಪಿಪಿಟಿ ಮಾಡಿದ್ದೆ, ಸಾಲಿಗೊಂದು ಚಿತ್ರ, ಹಾರಿ ಬರೋ ಅಕ್ಷರ ಬೇರೆ. ಮರುದಿನ ಪಾಠ ಮುಗಿಸಿ ಎಂತ ನೆನಪಿದೆ ಅಂತ ಕೇಳಿದ್ರೆ ಒಬ್ಬ "ಆ ನವಿಲು ಸಾರ್" ಅಂದ. ಪದ್ಯದಲ್ಲಿ ನವಿಲೇ ಇರ್ಲಿಲ್ಲ ಮಾರಾಯ್ರೇ, ಅದು ಸ್ಲೈಡಿನ ಮೂಲೇಲಿ ಅಂದಕ್ಕೆ ಅಂತ ಹಾಕಿದ್ದು!

ಆಮೇಲಿಂದ ಕ್ರಮ ತಿರುಗಿಸ್ದೆ. ಮೊದ್ಲು ಕಿವಿಗೆ, ಆಮೇಲೆ ಕಣ್ಣಿಗೆ, ಕೊನೇಲಿ ಕೈಗೆ.

ಕಿವಿಗೆ ಅಂದ್ರೆ ರೆಕಾರ್ಡಿಂಗು. ಹಿಂದಿನ ದಿನಾನೇ ಪದ್ಯನ ಎರಡು ಸಲ ಓದಿ ಇಟ್ಕೊಳ್ಳಿ, ಒಂದ್ಸಲ ರಾಗ ಗೀಗ ಇಲ್ದೆ ಪದ ಬಿಡಿಸಿ ನಿಧಾನಕ್ಕೆ, ಇನ್ನೊಂದ್ಸಲ ರಾಗವಾಗಿ. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ತಗಡಿನ ಮಾಡಿನ ಕೆಳಗೆ ಎಂತದ್ದೂ ಕೇಳಲ್ಲ, ರೆಕಾರ್ಡ್ ಮಾಡಿದ್ರೆ ಮಳೆ ಸದ್ದೇ ಬರೋದು, ಅದಕ್ಕೆ ನಾನು ಬಿಸಿಯೂಟದ ಅಕ್ಕಿ ಮೂಟೆ ಇಡೋ ಕೋಣೆಗೆ ಹೋಗ್ತೀನಿ. ನಗಬೇಡಿ, ಮೂಟೆಗಳು ಸದ್ದು ಹೀರ್ಕೊಳ್ತವೆ, ಖಾಲಿ ಕೋಣೇಲಿ ಬರೋ ಪ್ರತಿಧ್ವನಿ ಅಲ್ಲಿ ಬರಲ್ಲ. ಫೋನನ್ನ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡೀರಿ, ನೇರ ಹಿಡಿದ್ರೆ ಪ, ಬ, ಭ ಬಂದಾಗೆಲ್ಲ ಉಫ್ ಅಂತ ಗಾಳಿ ಹೊಡಿಯುತ್ತೆ. ಫೋನ್ ಏರೋಪ್ಲೇನ್ ಮೋಡಲ್ಲಿರ್ಲಿ, ಇಲ್ದಿದ್ರೆ ಸರಿಯಾಗಿ ಮೂರನೇ ಸಾಲಿಗೆ ಯಾರೋ ಫೋನ್ ಮಾಡ್ತಾರೆ.

ನಿಮಗೆ ರಾಗ ಬರಲ್ವಾ, ಊರಲ್ಲಿ ಗಮಕ, ಅಂದ್ರೆ ಕಾವ್ಯನ ರಾಗವಾಗಿ ಓದೋ ಕಲೆ, ಬಲ್ಲವರು ಇದ್ರೆ ಅವರನ್ನ ಕೇಳಿ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದೇ ಗಮಕಕ್ಕೆ. ಗಮಕದಲ್ಲಿ ತಾಳದ ಹಂಗಿಲ್ಲ, ಅರ್ಥ ಕೆಡದ ಹಾಗೆ ಪದ ಒಡೆದು ಹಾಡ್ತಾರೆ. ಕೇಳ್ತಾ ಇದ್ರೆ ಸಂಧಿ ಎಲ್ಲಿ ಬಿಡುತ್ತೆ ಅಂತ ಮಕ್ಕಳಿಗೆ ತಾನಾಗೇ ಗೊತ್ತಾಗುತ್ತೆ, ವ್ಯಾಕರಣ ಪೀರಿಯಡ್ಡಿಗೆ ಕಾಯ್ಬೇಕಾಗಿಲ್ಲ. ಫೋನಲ್ಲಿ ತಾನೇ ಓದಿ ಹೇಳೋ ಯಂತ್ರದ ಧ್ವನಿ ಗದ್ಯಕ್ಕೆ ಪರವಾಗಿಲ್ಲ, ಪದ್ಯಕ್ಕೆ ಹಾಕ್ಬೇಡಿ, ಅದು ಆರು ಸಾಲಿನ ಷಟ್ಪದೀನೂ ಬಸ್ಸಿನ ಟೈಮಿನ ಥರ ಓದುತ್ತೆ.

ಕ್ಲಾಸಲ್ಲಿ ಪುಸ್ತಕ ಮುಚ್ಚಿಸಿ ಎರಡು ಸಲ ಕೇಳಿಸಿ. ಬ್ಲೂಟೂತ್ ಸ್ಪೀಕರ್ ಚಾರ್ಜ್ ಮಾಡಿಟ್ಟಿದ್ರೆ ಕರೆಂಟಿನ ಗೊಡವೆ ಇಲ್ಲ, ಫೈಲ್ ಫೋನಲ್ಲೇ ಇರೋದ್ರಿಂದ ನೆಟ್ವರ್ಕಿಗೆ ಗುಡ್ಡ ಹತ್ತೋ ಕೆಲ್ಸಾನೂ ಇಲ್ಲ. ಕೇಳಿದ್ರಲ್ಲಿ ಯಾವ ಪದ ಕಿವೀಲಿ ಉಳೀತು ಅಂತ ಒಬ್ಬೊಬ್ರು ಒಂದೊಂದು ಹೇಳ್ಲಿ, ಬೋರ್ಡ್ ಮೇಲೆ ಬರೀರಿ.

ಇನ್ನು ಕಣ್ಣಿಗೆ. ಕರೆಂಟಿದ್ರೆ ಪ್ರೊಜೆಕ್ಟರಲ್ಲಿ ಆರೇ ಸಾಲು, ದೊಡ್ಡಕ್ಷರ, ಬಿಳಿ ಹಿನ್ನೆಲೆ, ಚಿತ್ರ ಬೇಡ. ಟೈಪ್ ಮಾಡೋಕೆ ಬೇಜಾರಾದ್ರೆ ಗೂಗಲ್ ಲೆನ್ಸಲ್ಲಿ ಪುಟದ ಫೋಟೋ ತೆಗೆದು ಅಕ್ಷರ ಕಾಪಿ ಮಾಡಬಹುದು, ಆದ್ರೆ ಒತ್ತಕ್ಷರ ಮತ್ತೆ ಅರ್ಕಾವತ್ತನ್ನ ಒಂದೊಂದಾಗಿ ನೋಡ್ಕೊಳ್ಳಿ, ಅಲ್ಲೇ ಅದು ಎಡವೋದು. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲು ಫೋನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತೆ, ಯೂನಿಕೋಡಲ್ಲೇ ಮಾಡಿ.

ಮಜಾ ಇರೋದು ಕೈಗೆ ಬಂದಾಗ. ಪ್ರಸ್ತಾರ ಹಾಕೋದು, ಅಂದ್ರೆ ಅಕ್ಷರಕ್ಕೆಲ್ಲ ಲಘು (ಗಿಡ್ಡ ಉಚ್ಚಾರ), ಗುರು (ಉದ್ದ ಉಚ್ಚಾರ) ಗುರುತು ಹಾಕೋದು, ಹತ್ತನೇ ಕ್ಲಾಸಿನವರಿಗೆ ಜ್ವರ, ಲಘು ಒಂದು ಮಾತ್ರೆ (ಉಚ್ಚಾರದ ಕಾಲದ ಅಳತೆ) ಗುರು ಎರಡು ಅಂತ ಬಾಯಿಪಾಠ ಮಾಡಿ ಪರೀಕ್ಷೇಲಿ ಬರ್ದು ಮರೀತಾರೆ. ನಾನು ಮೊದ್ಲು ಚಪ್ಪಾಳೆ ಹಾಕಿಸ್ತೀನಿ. ಭಾಮಿನಿ ಷಟ್ಪದೀಲಿ ಮೂರು ನಾಲ್ಕು, ಮೂರು ನಾಲ್ಕು ಅಂತ ಗಣ (ಮಾತ್ರೆಗಳ ಗುಂಪು) ಹೋಗುತ್ತೆ, ಅದನ್ನ ತಕಿಟ ತಕಧಿಮಿ, ತಕಿಟ ತಕಧಿಮಿ ಅಂತ ಹೇಳಿಸಿ ರೆಕಾರ್ಡ್ ಮಾಡಿ. ಯಕ್ಷಗಾನ ನೋಡಿ ಬೆಳೆದ ಮಕ್ಕಳು ಎರಡೇ ನಿಮಿಷದಲ್ಲಿ ಹಿಡೀತಾರೆ. ರೆಕಾರ್ಡರ್ ಸ್ಕ್ರೀನಲ್ಲಿ ಸದ್ದಿನ ಗೆರೆ ಏಳುತ್ತಲ್ಲ, ಪ್ರತಿ ಗಣದ ಶುರುವಿಗೆ ಒಂದು ಚಪ್ಪಾಳೆ ಹೊಡೆದ್ರೆ ಒಂದೊಂದು ಗುಡ್ಡ ಏಳುತ್ತೆ, ಎರಡು ಗುಡ್ಡದ ನಡುವೆ ಒಮ್ಮೆ ಹತ್ತಿರ ಒಮ್ಮೆ ದೂರ ಕಾಣುತ್ತೆ, ಮೂರು ನಾಲ್ಕು ಅಂದ್ರೆ ಇದೇನೆ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತೆ ಆರನೇ ಸಾಲಿಗೆ ಕೊನೇ ಗುರುವೂ ಸೇರಿ 23, ಒಟ್ಟು 102.

ಆಮೇಲೆ ಅವರ ಕೈಲೇ ಕಟ್ಟಿಸಿ. ನಮ್ಮ ಕ್ಲಾಸಲ್ಲಿ ಹುಟ್ಟಿದ ಅರ್ಧ ಷಟ್ಪದಿ ಇದು:

ಮಳೆಯ ಹನಿಗಳು ಬಿದ್ದ ತೋಟದಿ
ಹಳೆಯ ಛತ್ರಿಯ ಹಿಡಿದು ನಡೆವೆವು
ಬೆಳೆದ ಅಡಕೆಯ ಮರದ ಬುಡದಲಿ ಕಾದ ಉಂಬಳವು

ಎಣಿಸಿ ನೋಡಿ, 14, 14, 23. ಕೊನೇ "ವು" ಲಘುವೇ, ಆದ್ರೆ ಸಾಲಿನ ಕೊನೇಲಿ ಇರೋದಕ್ಕೆ ಗುರು ಅಂತ ಲೆಕ್ಕ. ಮೂರೂ ಸಾಲಲ್ಲಿ ಎರಡನೇ ಅಕ್ಷರ ಳಕಾರ, ಅದು ಆದಿಪ್ರಾಸ. ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಬಂದಿದ್ದೇ ತಡ ಇಡೀ ಕ್ಲಾಸು ಕಾಲು ನೋಡ್ಕೊಂಡಿತು.

ಓದೋಕೆ ತಡವರಿಸೋ ಮಕ್ಕಳಿಗೂ ಇದೇ ರೆಕಾರ್ಡರ್ ಸಾಕು. ಜೂನಲ್ಲಿ ಒಂದು ಪ್ಯಾರಾ ಓದಿಸಿ ಇಟ್ಕೊಳ್ಳಿ, ದಸರಾ ರಜೆ ಮುಗಿದ ಮೇಲೆ ಅದೇ ಪ್ಯಾರಾ ಮತ್ತೆ ಓದಿಸಿ ಎರಡನ್ನೂ ಆ ಮಗುವಿಗೆ ಮಾತ್ರ ಕೇಳಿಸಿ. ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಹಾಕೋ ಕೆಲ್ಸ ಮಾತ್ರ ದಯವಿಟ್ಟು ಬೇಡ, ಒಂದ್ಸಲ ನಾಚಿಕೆ ಆಯ್ತು ಅಂದ್ರೆ ಆ ಮಗು ಮತ್ತೆ ಬಾಯಿ ಬಿಡಲ್ಲ. ಓದೋಕೆ ಪುಸ್ತಕ ಸಾಲ್ದಿದ್ರೆ ಪ್ರಥಮ್ ಬುಕ್ಸಿನವರ ಸ್ಟೋರಿವೀವರಲ್ಲಿ ಕನ್ನಡ ಕಥೆಗಳು ಫ್ರೀಯಾಗಿ ಸಿಗುತ್ತೆ, ಓದೋ ಮಟ್ಟದ ಪ್ರಕಾರ ವಿಂಗಡಿಸಿರ್ತಾರೆ, ಶಿವಮೊಗ್ಗಕ್ಕೆ ಹೋದಾಗ ಡೌನ್‌ಲೋಡ್ ಮಾಡ್ಕೊಂಡು ಬನ್ನಿ.

ವಚನ ಪಾಠ ಇದ್ದಾಗ ವಚನ ಸಂಚಯ ಅನ್ನೋ ಸೈಟ್ ತೆಗೀರಿ. ಒಂದು ಪದ ಹಾಕಿ ಹುಡುಕಿದ್ರೆ ಆ ಪದ ಇರೋ ವಚನಗಳು ಬರುತ್ತೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲೂಕೇ, ಹಾಗಾಗಿ ಬೆಟ್ಟ, ಮರ, ಮೃಗ ಅಂತ ನಮ್ಮ ಕಣ್ಣೆದುರಿನ ಪದಗಳನ್ನ ಮಕ್ಕಳ ಕೈಲೇ ಹುಡುಕಿಸಿ, ಇಬ್ಬರೂ ಅದೇ ಪದನ ಹೇಗೆ ಬೇರೆ ಬೇರೆ ಥರ ಬಳಸ್ತಾರೆ ಅಂತ ಕೇಳಿ. ಇದಕ್ಕೆ ನೆಟ್ ಬೇಕು, ಶಾಲೇಲಿ ಬರಲ್ಲ ಅಂದ್ರೆ ಹಿಂದಿನ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ದೀಪಾವಳಿಗೆ ಕೊಡೋ ಹೋಂವರ್ಕ್ ಬೇರೇನೇ. ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡ್ಕೊಂಡು ಹಾಡ್ತಾ ಮನೆ ಮನೆಗೆ ಬರ್ತಾರಲ್ಲ, ಅವರನ್ನ ಕೇಳಿ ಒಪ್ಪಿಗೆ ತಗೊಂಡು ಒಂದು ಪದ ರೆಕಾರ್ಡ್ ಮಾಡ್ಕೊಂಡು ಬನ್ನಿ ಅಂತೀನಿ. ಮನೇಲಿ ಫೋನ್ ಇಲ್ದವರು ಇದ್ದವರ ಜೊತೆ ಸೇರ್ಲಿ. ನಾಯಿ ಬೊಗಳಿದ್ದು, ಅಜ್ಜಿ ಅಕ್ಕಿ ತರೋಕೆ ಕೂಗಿದ್ದು ಎಲ್ಲ ಸೇರಿರುತ್ತೆ, ಕತ್ತರಿಸ್ಬೇಡಿ. ಕ್ಲಾಸಲ್ಲಿ ಸ್ಪೀಡ್ ಕಮ್ಮಿ ಮಾಡಿ ಕೇಳಿಸ್ತಾ ಬರೆಸಿ, ಒಬ್ಬರು ಹೇಳಿದ್ದನ್ನ ಉಳಿದವರು ತಿರುಗಿ ಹಾಡೋ ಜಾಗಕ್ಕೆ ಗೆರೆ ಹಾಕಿಸಿ. ಕೆಲವು ಪದದ ಅರ್ಥ ನಿಮಗೂ ಗೊತ್ತಿರಲ್ಲ, ಹಾಡಿದವರ ಮನೆಗೆ ಆ ಮಗೂನೇ ಕಳ್ಸಿ ಕೇಳ್ಕೊಂಡು ಬರೋಕೆ ಹೇಳಿ.