ಕಹಿ ವರ್ಮೂತ್‌ಗೆ ನಂಜಿಕೊಳ್ಳಲು ಏನಿಡಬೇಕು?

ಇಟಲಿಯ ಪುಂಟ್ ಎ ಮೆಸ್ ಎಂಬ ವರ್ಮೂತ್ ಅನ್ನು ಮೊದಲ ಸಲ ಬಾಯಿಗಿಟ್ಟವರು ಮುಖ ಸಿಂಡರಿಸುವುದೇ ಹೆಚ್ಚು. ಶುರುವಿಗೆ ಒಣದ್ರಾಕ್ಷಿಯಂಥ ಗಾಢ ಸಿಹಿ. ಗುಟುಕು ಇಳಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಷಾಯದ ಕಹಿ ಬಂದು ಕೂರುತ್ತದೆ, ಬೇಗ ಏಳುವುದಿಲ್ಲ. ಅದನ್ನು ಓಡಿಸಲು ಸಿಹಿ ತಿನಿಸಿಗೆ ಕೈ ಚಾಚಿದಿರೋ, ಕೆಲಸ ಕೆಟ್ಟಿತು. ಈ ಪಾನೀಯ ಕೇಳುವುದು ಉಪ್ಪನ್ನು.

ವರ್ಮೂತ್ ಮೂಲತಃ ವೈನ್. ಅದಕ್ಕೆ ಸಕ್ಕರೆ, ಸ್ವಲ್ಪ ಹೆಚ್ಚುವರಿ ಮದ್ಯಸಾರ, ಬೇರು, ತೊಗಟೆ, ಎಲೆ, ಹಣ್ಣಿನ ಸಿಪ್ಪೆಗಳ ಸಾರ ಸೇರಿಸುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಇದರಲ್ಲಿ ಕನಿಷ್ಠ ಶೇ 75ರಷ್ಟು ವೈನ್ ಇರಬೇಕು, ಆರ್ಟಿಮೀಸಿಯಾ ಕುಲದ ಸಸ್ಯವೊಂದನ್ನು ಬಳಸಿರಲೇಬೇಕು. ಗಣೇಶ ಚೌತಿಯ ಪತ್ರೆಗಳ ಕಟ್ಟಿನಲ್ಲಿ ಬರುವ ಮಾಚಿಪತ್ರೆ ಇದೇ ಕುಲದ್ದು. ಬೆರಳಲ್ಲಿ ಉಜ್ಜಿ ಮೂಸಿದವರಿಗೆ ವರ್ಮೂತ್‌ನ ಘಮ ತೀರಾ ಹೊಸದೆನಿಸುವುದಿಲ್ಲ. ಇಟಲಿಯ ಟೊರಿನೊ (ಟ್ಯೂರಿನ್) ನಗರದಲ್ಲಿ 1786ರಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ತನ್ನ ವರ್ಮೂತ್ ಮಾರಲು ತೊಡಗಿದ. ಅದೇ ಮನೆತನದ ಹೆಸರಿನಲ್ಲಿ 1870ರಲ್ಲಿ ಬಂದ, ಕಹಿಯ ಪಾಲು ಜಾಸ್ತಿಯಿರುವ ಬಗೆಯೇ ಪುಂಟ್ ಎ ಮೆಸ್. ಮದ್ಯಸಾರ ಶೇ 16. ಇಟಲಿಯ ಆಸ್ತಿ (Asti) ಎಂಬ ಊರಿನ ಕೊಕ್ಕಿ ಅಮೆರಿಕಾನೊ, ಫ್ರಾನ್ಸಿನ ಬೊನಾಲ್ ಕೂಡ ಕಹಿ ವೈನುಗಳೇ. ಅವುಗಳಲ್ಲಿ ಜೆಂಟಿಯನ್ ಗಿಡದ ಬೇರು, ಸಿಂಕೋನಾ ಮರದ ತೊಗಟೆಗಳ ಕಹಿಯದ್ದೇ ಜೋರು. ಬಣ್ಣ ನೋಡಿ ಇಟಲಿಯ ಕೆಂಪು ಕಹಿಮದ್ಯ ಕಾಂಪಾರಿಯನ್ನೂ ಈ ಸಾಲಿಗೆ ಸೇರಿಸುವವರಿದ್ದಾರೆ. ಅದು ವೈನಿನಿಂದ ಮಾಡಿದ್ದಲ್ಲ, ಲೆಕ್ಕವೇ ಬೇರೆ.

ಹಂತ 1: ಬರಿದೇ ರುಚಿ ನೋಡಿ

ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ. ಸಣ್ಣ ಗ್ಲಾಸಿಗೆ ಎರಡು ಮೂರು ಚಮಚದಷ್ಟು, ಐಸ್ ಇಲ್ಲದೆ, ಹಾಕಿಕೊಳ್ಳಿ. ಮೊದಲು ಮೂಸಿ, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ. ಗಮನಿಸಬೇಕಾದ್ದು ಮೂರೇ: ಸಿಹಿ ಎಷ್ಟಿದೆ, ಕಹಿ ಯಾವಾಗ ಬಂತು, ಮೂಗಿಗೆ ಎದ್ದು ಹೊಡೆದ ಪರಿಮಳ ಯಾವುದು. ಕಿತ್ತಳೆ ಸಿಪ್ಪೆಯೋ, ಲವಂಗ-ಚಕ್ಕೆಯೋ, ಹಸಿ ಬೇರಿನ ಮಣ್ಣುವಾಸನೆಯೋ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಟಲಿಯ ಮೇಲೆ ಅಚ್ಚಾದ ವರ್ಣನೆಯನ್ನು ಈಗಲೇ ಓದಬೇಡಿ. ಓದಿದರೆ ನಾಲಿಗೆ ಅದನ್ನೇ ಒಪ್ಪಿಸುತ್ತದೆ.

ಹಂತ 2: ಉಪ್ಪಿನ ಪರೀಕ್ಷೆ

ಇದೊಂದನ್ನು ಮಾಡಿ ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ. ಉಪ್ಪುನೀರಿನಲ್ಲಿ ನೆನೆದ ಹಸಿರು ಆಲಿವ್ ಒಂದನ್ನು ತೆಗೆದುಕೊಳ್ಳಿ. ಒಂದು ಗುಟುಕು ಕುಡಿದು, ಕಹಿ ಬಾಯಿಯನ್ನು ಪೂರ್ತಿ ಆವರಿಸುವವರೆಗೆ ಕಾಯಿರಿ. ಆಲಿವ್ ಅನ್ನು ನಿಧಾನವಾಗಿ ಅಗಿದು ನುಂಗಿ, ತಕ್ಷಣ ಇನ್ನೊಂದು ಗುಟುಕು ಕುಡಿಯಿರಿ. ಅದೇ ವೈನ್ ಈಗ ಸಿಹಿಯಾಗಿ, ದುಂಡಗೆ ಇಳಿಯುತ್ತದೆ. ಹಿಂದೆ ಮರೆಯಾಗಿದ್ದ ಹಣ್ಣಿನ ರುಚಿ ಮುಂದೆ ಬರುತ್ತದೆ.

ಇದು ಭ್ರಮೆಯಲ್ಲ. ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂಪ್ ಎಂಬ ಅಮೆರಿಕದ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಹಿಗೆ ಯೂರಿಯಾ, ಸಿಹಿಗೆ ಸಕ್ಕರೆ ಬೆರೆಸಿದ ನೀರಿಗೆ ಸೋಡಿಯಂ ಲವಣ ಸೇರಿಸಿ ಕುಡಿಸಿದರು. ಲವಣ ಕಹಿಯನ್ನು ತಗ್ಗಿಸಿತು. ಕಹಿಯ ಕೆಳಗೆ ಅದುಮಿಕೊಂಡಿದ್ದ ಸಿಹಿ ತಾನಾಗಿ ಮೇಲೆದ್ದಿತು. ಸಕ್ಕರೆ ಒಂದು ಕಾಳೂ ಹೆಚ್ಚಾಗಿರಲಿಲ್ಲ. ನಮ್ಮ ಅಡುಗೆಮನೆಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಹಾಗಲಕಾಯಿ ಗೊಜ್ಜಿಗೆ ಎಷ್ಟೇ ಬೆಲ್ಲ ಸುರಿಯಿರಿ, ಉಪ್ಪು ಕಡಿಮೆಯಾದರೆ ಕಹಿ ಎದ್ದು ಹೊಡೆಯುತ್ತದೆ.

ವರ್ಮೂತ್ ಕುಡಿಯುವ ನಾಡುಗಳಲ್ಲಿ ಜೊತೆಗಿಡುವ ತಿನಿಸುಗಳನ್ನು ನೋಡಿ, ಬಹುಪಾಲು ಉಪ್ಪಿನವೇ. ಸ್ಪೇನಿನಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚಿನ ವರ್ಮೂತ್ ಹೊತ್ತಿಗೆ ಆಲಿವ್, ಆಲೂಗಡ್ಡೆ ಚಿಪ್ಸ್, ಡಬ್ಬಿಯ ಮೀನು, ನೀಲಿಕಲ್ಲು ಎಂಬ ಕಡಲ ಚಿಪ್ಪುಜೀವಿ. ಟೊರಿನೊ ಇರುವ ಪಿಯೆಮೊಂಟೆ ಪ್ರಾಂತ್ಯದಲ್ಲಿ ಉಪ್ಪು ಹಾಕಿದ ಆಂಚೊವಿ ಮೀನನ್ನು ಪಾರ್ಸ್ಲಿ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಹಸಿರು ಚಟ್ನಿಯಲ್ಲಿ ನೆನೆಸಿ, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲಿಟ್ಟು ಕೊಡುತ್ತಾರೆ. ಆ ಪ್ರಾಂತ್ಯಕ್ಕೆ ಕಡಲತೀರವೇ ಇಲ್ಲ ಎಂಬುದು ಸೋಜಿಗ. ಲಿಗೂರಿಯಾ ಕರಾವಳಿಯಿಂದ ಬೆಟ್ಟ ಹತ್ತಿ ಬರುತ್ತಿದ್ದ ಉಪ್ಪಿನ ವ್ಯಾಪಾರದ ಜೊತೆಗೇ ಈ ಮೀನೂ ಬಂತು. ನನ್ನ ಮಟ್ಟಿಗೆ ಪುಂಟ್ ಎ ಮೆಸ್‌ಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಸಸ್ಯಾಹಾರಿಗಳು ಬೇಸರಪಡಬೇಕಿಲ್ಲ. ಉಪ್ಪು ಹಚ್ಚಿ ಹುರಿದ ಗೋಡಂಬಿ, ಬಾದಾಮಿ ಸಾಕು. ಖಾರ ಹಾಕಿದ ಕಾಂಗ್ರೆಸ್ ಕಡ್ಲೆಕಾಯಿ, ಮಿಡಿ ಉಪ್ಪಿನಕಾಯಿ, ಮೆಣಸಿನಪುಡಿ ಉದುರಿಸಿದ ಚಿಪ್ಸ್ ಮಾತ್ರ ಬೇಡ. ಮದ್ಯಸಾರ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಉರಿಯುವ ಬಾಯಿಗೆ ಪರಿಮಳ ತಿಳಿಯುವುದಿಲ್ಲ. ಖಾರ ಬೇಕೇ ಬೇಕೆನ್ನುವವರು ಅಂದು ಬಿಯರ್ ಕುಡಿಯುವುದು ಲೇಸು.

ಹಂತ 3: ಜಿಡ್ಡು ಸೇರಿಸಿ

ಉಪ್ಪಿನ ಜೊತೆ ಕೊಬ್ಬು ಸೇರಿದರೆ ಕಹಿಯ ಚೂಪು ಇನ್ನಷ್ಟು ಮೊಂಡಾಗುತ್ತದೆ. ವೈನಿನ ಕಹಿಯೂ ಹುಳಿಯೂ ಬಾಯಿಯ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಅಣಿ ಮಾಡುತ್ತವೆ. ಗೊರ್ಗೊಂಝೋಲಾದಂಥ ನೀಲಿ ಚೀಸ್ ಇಲ್ಲಿ ಗೆಲ್ಲುತ್ತದೆ, ಉಪ್ಪು-ಜಿಡ್ಡು ಎರಡೂ ಅದರಲ್ಲೇ ಇವೆ. ನೀಲಿ ಚೀಸ್‌ನ ವಾಸನೆ ಸೇರದಿದ್ದರೆ ಹಳೆಯ ಗಟ್ಟಿ ಚೀಸ್ ಆದೀತು. ತಾಜಾ ಪನೀರ್ ಸಪ್ಪೆ, ಕಹಿಯ ಎದುರು ನಿಲ್ಲುವುದಿಲ್ಲ. ಪಿಯೆಮೊಂಟೆಯವರು ತಮ್ಮ ಲಾಂಗೆ ಬೆಟ್ಟಗಳ ಹೇಜಲ್‌ನಟ್ ಹುರಿದು ಇಡುತ್ತಾರೆ. ಹುರಿದ ಬೀಜದ ಕಂದು ರುಚಿಗೂ ಕೆಂಪು ವರ್ಮೂತ್‌ನ ಸುಟ್ಟ ಸಕ್ಕರೆಯ ರುಚಿಗೂ ಚೆನ್ನಾಗಿ ಹೊಂದುತ್ತದೆ.

ಹಂತ 4: ಒಂದೇ ಒಂದು ಪರಿಮಳದ ಸೇತುವೆ

ಈಗ ಚೀಟಿ ತೆಗೆಯಿರಿ. ಬರೆದಿಟ್ಟ ಪರಿಮಳವನ್ನೇ ತಟ್ಟೆಯಲ್ಲೂ ತರಬೇಕು. ಆದರೆ ಒಂದನ್ನೇ. ಲವಂಗ, ಚಕ್ಕೆ, ಏಲಕ್ಕಿ ಎಲ್ಲವನ್ನೂ ಪ್ರತಿಧ್ವನಿಸಲು ಹೊರಟರೆ ಗ್ಲಾಸೂ ತಟ್ಟೆಯೂ ಗರಂ ಮಸಾಲೆ ಡಬ್ಬಿಯಾಗುತ್ತವೆ. ಗೊಂದಲವಾದರೆ ಕಿತ್ತಳೆಯನ್ನೇ ಆರಿಸಿಕೊಳ್ಳಿ, ಈ ಬಗೆಯ ವೈನುಗಳಲ್ಲಿ ಅದು ಕೈಕೊಡುವುದು ಅಪರೂಪ.

ಕಿತ್ತಳೆ ಸಿಪ್ಪೆಯಿಂದ ಹೆಬ್ಬೆರಳಿನಗಲದ ಪಟ್ಟಿ ಕತ್ತರಿಸಿ. ಒಳಗಿನ ಬಿಳಿ ಭಾಗವನ್ನು ಚಾಕುವಿನಿಂದ ಆದಷ್ಟು ಹೆರೆದು ತೆಗೆಯಿರಿ, ಅದರ ಕಹಿ ಒರಟು ಕಹಿ. ಹೊರಮೈ ಗ್ಲಾಸಿನ ಕಡೆಗೆ ಇರುವಂತೆ ಹಿಡಿದು, ಎರಡೂ ಕೈಬೆರಳುಗಳಿಂದ ಮಡಚಿ ಹಿಚುಕಿ. ಮಕ್ಕಳು ಒಬ್ಬರ ಕಣ್ಣಿಗೆ ಒಬ್ಬರು ಸಿಪ್ಪೆ ಹಿಂಡಿ ಗೋಳಾಡಿಸುತ್ತಾರಲ್ಲ, ಅದೇ ಎಣ್ಣೆ ಇಲ್ಲಿ ತುಂತುರಾಗಿ ಪಾನೀಯದ ಮೇಲೆ ಬೀಳಬೇಕು. ಬೆಳಕಿಗೆ ಹಿಡಿದರೆ ಮೇಲೆ ತೆಳ್ಳನೆ ಮಿನುಗು ಕಾಣುತ್ತದೆ. ಆ ಸಿಪ್ಪೆಯನ್ನೇ ಗ್ಲಾಸಿನ ಅಂಚಿಗೆ ಸವರಿ, ಒಳಗೆ ಬಿಡಿ. ಬಳಿಕ ಐಸ್ ಹಾಕಿ, ಬೇಕಿದ್ದರೆ ಅರ್ಧದಷ್ಟು ಸೋಡಾ ಬೆರೆಸಿ. ಕಿತ್ತಳೆ ರಸ ಹಿಂಡಬೇಡಿ, ವೈನ್ ನೀರಾಗುತ್ತದೆ.

ಹಂತ 5: ಸಿಹಿಯನ್ನು ಕೊನೆಗಿಡಿ

ವೈನಿಗಿಂತ ಸಿಹಿಯಾದ ತಿನಿಸು ವೈನಿನ ಸಿಹಿಯನ್ನು ನುಂಗಿಹಾಕುತ್ತದೆ, ಬರೀ ಕಹಿ ಉಳಿಯುತ್ತದೆ. ಜಾಮೂನು ತಿಂದು ಕಾಫಿ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಹಿ ಬೇಕೆಂದರೆ ಶೇ 70ರ ಆಸುಪಾಸಿನ ಕೊಕೊ ಇರುವ ಕಪ್ಪು ಚಾಕೊಲೇಟ್ ಒಂದು ತುಂಡು, ಮೇಲೆ ಎರಡು ಹರಳು ಉಪ್ಪು. ಪಿಯೆಮೊಂಟೆಯಲ್ಲಿ ಬರೋಲೊ ವೈನಿಗೆ ಸಿಂಕೋನಾ ತೊಗಟೆ, ಮಸಾಲೆ ಸೇರಿಸಿ ಮಾಡುವ ಬರೋಲೊ ಕಿನಾಟೊವನ್ನು ಊಟದ ಕೊನೆಗೆ ಚಾಕೊಲೇಟ್ ಜೊತೆ ಕುಡಿಯುವ ರೂಢಿ ಇದೆ.

ಹುಳಿಯ ಬಗ್ಗೆ ಒಂದು ಮಾತು ಸಾಕು: ಸಿಹಿ ಇರುವ ಕೆಂಪು ವರ್ಮೂತ್ ವಿನೆಗರ್‌ನಲ್ಲಿ ನೆನೆಸಿದ ಈರುಳ್ಳಿ, ಮೀನುಗಳನ್ನು ತಾಳಿಕೊಳ್ಳುತ್ತದೆ, ಸಕ್ಕರೆ ಕಡಿಮೆಯ ಡ್ರೈ ಬಗೆ ತಾಳುವುದಿಲ್ಲ.

ಮದ್ಯ ಬೇಡವೆನ್ನುವವರಿಗೆ ಟಾನಿಕ್ ವಾಟರ್ ಇದೆ. ಅದರ ಕಹಿ ಸಿಂಕೋನಾದ ಕ್ವಿನೈನ್‌ನದು. ಆ ಮರವನ್ನು ಬ್ರಿಟಿಷರು 1860ರ ದಶಕದಲ್ಲಿ ನೀಲಗಿರಿಯಲ್ಲಿ ನೆಡಿಸಿದ್ದು ಮಲೇರಿಯಾ ಔಷಧಿಗಾಗಿ. ಆಲಿವ್‌ನ ಪರೀಕ್ಷೆ, ಕಿತ್ತಳೆ ಸಿಪ್ಪೆ, ಉಪ್ಪು ಗೋಡಂಬಿ, ಎಲ್ಲವೂ ಅದಕ್ಕೂ ಒಗ್ಗುತ್ತವೆ.

ಬಾಟಲಿ ತೆರೆದ ಮೇಲೆ

ಇದನ್ನು ರಮ್, ವಿಸ್ಕಿಗಳಂತೆ ಕಪಾಟಿನಲ್ಲಿ ವರ್ಷಗಟ್ಟಲೆ ಇಡಬಾರದು. ವೈನ್ ವೈನೇ, ಗಾಳಿ ತಾಗಿದರೆ ಮಂಕಾಗುತ್ತದೆ. ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ. ಅರ್ಧಕ್ಕಿಂತ ಕಡಿಮೆ ಉಳಿದಾಗ ಚಿಕ್ಕ ಬಾಟಲಿಗೆ ಬಗ್ಗಿಸಿದರೆ ಇನ್ನಷ್ಟು ದಿನ ತಾಳುತ್ತದೆ. ಪರಿಮಳ ಇಳಿದುಹೋದದ್ದನ್ನು ಚೆಲ್ಲಬೇಕಿಲ್ಲ. ಅಣಬೆಯನ್ನು ಬೆಣ್ಣೆಯಲ್ಲಿ ಹುರಿಯುವಾಗ ತಳ ಹಿಡಿಯುವ ಹೊತ್ತಿಗೆ ಎರಡು ಚಮಚ ಸುರಿದು, ಆವಿಯಾಗುವವರೆಗೆ ಕೆದಕಿ. ಉಪ್ಪನ್ನು ಆಮೇಲೆ ನೋಡಿಕೊಂಡು ಹಾಕಿ.