ಚಾಲಿ ಒಣಗುವ ಅಂಗಳದಿಂದ ಹುಟ್ಟಿದ ಬಿಸಿಲಿನ ನಕ್ಷೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆ ಮನೆಗಳಿಗೆ ಸೋಲಾರ್ ಬಿಸಿನೀರಿನ ಘಟಕ ಹಾಕುವುದು ನನ್ನ ಕಸುಬು. ಮೊದಲ ಐದಾರು ವರ್ಷ ನಾನೂ ಉಪಗ್ರಹದ ಅಂಕಿ ನಂಬಿದವನೇ. ದಿನಕ್ಕೆ ಚದರ ಮೀಟರಿಗೆ ಐದು ಯೂನಿಟ್ ದಾಟುವ ಬಿಸಿಲು, ಇನ್ನೇನು ಬೇಕು? ಆದರೆ ನಾಸಾದ ಅಂಕಿಯ ಒಂದು ಚೌಕದೊಳಗೆ ಬದಿಯಡ್ಕವೂ ಇದೆ, ಮಡಿಕೇರಿಯೂ ಇದೆ. ಪದವಿನ (ಗುಡ್ಡದ ಮೇಲಿನ ಬಯಲಿನ) ಮನೆ, ಎರಡು ಗುಡ್ಡಗಳ ನಡುವೆ ತೋಟಕ್ಕೆ ಅಂಟಿಕೊಂಡ ಮನೆ, ಎರಡಕ್ಕೂ ಅಲ್ಲಿ ಒಂದೇ ಲೆಕ್ಕ.

ಹಾಗೆ ಹಾಕಿದ್ದರಲ್ಲಿ ಮೂರು ಮನೆಗಳಲ್ಲಿ ನೀರು ಉಗುರುಬೆಚ್ಚಗಿನಿಂದ ಮೇಲೇರಲಿಲ್ಲ. ಒಂದನ್ನು ಬಿಚ್ಚಿ ವಾಪಸು ತಂದೆ. ಸಾಗಾಟ, ಕೂಲಿ, ಒಡೆದ ಕೊಳವೆ ಎಲ್ಲ ಸೇರಿ ಹದಿನೇಳು ಸಾವಿರದಷ್ಟು ಕೈಬಿಟ್ಟಿತು. ನಲವತ್ತೈದು ಅಡಿಯ ಅಡಿಕೆ ಮರ ಮನೆಯ ದಕ್ಷಿಣಕ್ಕಿದ್ದರೆ ಡಿಸೆಂಬರಿನ ನಡುಮಧ್ಯಾಹ್ನದಲ್ಲೂ ಅದರ ನೆರಳು ಮೂವತ್ತು ಅಡಿ ದಾಟುತ್ತದೆ. ಬಿಚ್ಚುವ ದಿನ ಮಾಡಿನ ಮೇಲೆ ಕುಳಿತು ಅದನ್ನು ಕಣ್ಣಾರೆ ಕಂಡೆ.

ನಮ್ಮದೇ ನಕ್ಷೆ ಮಾಡುತ್ತೇನೆಂದಾಗ ಜೊತೆಯವರು ನಕ್ಕರು. "ಸೂರ್ಯ ಎಲ್ಲರಿಗೂ ಒಬ್ಬನೇ ಅಲ್ಲವೇ ಮಾರಾಯಾ?" ಎಂದರು.

ಹನ್ನೆರಡು ತಗಡಿನ ಡಬ್ಬಿಗಳಿಗೆ ಕಪ್ಪು ಬಳಿದು, ತಲಾ ಐದು ಲೀಟರ್ ನೀರು ತುಂಬಿಸಿ, ಬೆಳಿಗ್ಗೆ ಇಟ್ಟು ಮೂರು ಗಂಟೆಗೆ ಉಷ್ಣತೆ ಅಳೆದೆ. ಮೊದಲ ತಿಂಗಳ ಅಳತೆಯೆಲ್ಲ ಹಾಳು. ಪದವಿನ ಡಬ್ಬಿ ಕಣಿವೆಯ ಡಬ್ಬಿಗಿಂತ ತಣ್ಣಗಿತ್ತು! ಬಿಸಿಲು ಕೊಟ್ಟದ್ದನ್ನು ಕಡಲ ಗಾಳಿ ಕಸಿದುಕೊಳ್ಳುತ್ತಿತ್ತು. ಆಮೇಲೆ ಪ್ರತಿ ಡಬ್ಬಿಯನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮೇಲೆ ಗಾಜು ಮುಚ್ಚಿದೆ. ಇನ್ನೂ ಮೂರು ಸಾವಿರ ಖರ್ಚು. ಅಲ್ಲಿಂದ ಅಂಕಿ ದಾರಿಗೆ ಬಂತು: ಡಿಸೆಂಬರಿನಲ್ಲಿ ಪದವಿನ ಮೇಲೆ ಐವತ್ತೈದು ಡಿಗ್ರಿಯ ಆಸುಪಾಸು, ತೋಟದ ಬದಿಯಲ್ಲಿ ನಲವತ್ತು.

ಹನ್ನೆರಡು ಡಬ್ಬಿಗಳಿಂದ ಊರಿಡೀ ಅಳೆಯಲಾಗುವುದಿಲ್ಲ. ದಾರಿ ತೋರಿಸಿದ್ದು ಚಾಲಿ, ಅಂದರೆ ಸಿಪ್ಪೆಸಮೇತ ಬಿಸಿಲಲ್ಲಿ ಒಣಗಿಸುವ ಹಣ್ಣಡಿಕೆ. ಒಂದು ಮನೆಯಲ್ಲಿ ಸುಮ್ಮನೆ, "ಮಾವ, ನಿಮ್ಮಲ್ಲಿ ಚಾಲಿ ಎಷ್ಟು ದಿನಕ್ಕೆ ಒಣಗುತ್ತದೆ?" ಎಂದು ಕೇಳಿದೆ. ಅವರು ಒಂದು ಅಡಿಕೆ ಎತ್ತಿ ಕಿವಿಯ ಬಳಿ ಅಲುಗಾಡಿಸಿದರು. ಒಳಗಿನ ಬೀಜ ಸಿಪ್ಪೆಗೆ ಬಡಿದು ಲೊಟಲೊಟ ಎಂದಿತು. "ನನಗೆ ನಲವತ್ತು, ಕೆಳಗಿನ ಮನೆಯ ತಮ್ಮನಿಗೆ ಐವತ್ತು ದಾಟುತ್ತದೆ" ಎಂದರು. ಮರುದಿನ ಎರಡೂ ಅಂಗಳಗಳಲ್ಲಿ ಡಬ್ಬಿ ಇಟ್ಟೆ. ಅವರ ಮಾತಿಗೂ ನನ್ನ ಥರ್ಮಾಮೀಟರಿಗೂ ತಾಳೆಯಾಯಿತು. ಮುಂದೆ ಅರುವತ್ತಕ್ಕೂ ಹೆಚ್ಚು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿ, ವಾರ್ಡಿನ ನಕ್ಷೆಯಲ್ಲಿ ಮೂರು ಬಣ್ಣ ತುಂಬಿದೆ. ಅಂಗಳದ ಹಾವಸೆಯಿಂದಲೂ ಒಂದು ಲೆಕ್ಕ ತೆಗೆಯುತ್ತೇನೆ. ಅದು ಹೇಗೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೆ ಕಪ್ಪು ಪೈಪು ಸುತ್ತಿ ನೀರು ಕಾಯಿಸಿಯೂ ನೋಡಿದೆ. ನೀರೇನೋ ಬಿಸಿಯಾಯಿತು; ಬೆಳಗಿನ ಜಾವ ಪೈಪು ಬೆವರಿ ಕೆಳಗಿದ್ದ ಅಡಿಕೆಗೆ ಬೂಸಲು ಹಿಡಿಯಿತು. ಅರ್ಧ ಕ್ವಿಂಟಲ್ ಅಡಿಕೆಯ ಬೆಲೆ ಇಳಿಯಿತು, ಆ ಕೆಲಸ ಅಲ್ಲಿಗೇ ಬಿಟ್ಟೆ.

ನಕ್ಷೆಯಲ್ಲಿ ಕೆಂಪು ಬಣ್ಣ ಬಿದ್ದ, ಅಂದರೆ ಬಿಸಿಲು ಕಡಿಮೆ ಇರುವ ಮನೆಗೆ ಘಟಕವೇ ಬೇಡ ಎನ್ನುವುದಿಲ್ಲ. ಒಂದು ಕಡೆ ಮನೆಯ ಮಾಡು ಬಿಟ್ಟು ಇಪ್ಪತ್ತು ಮೀಟರ್ ಆಚೆ ದನದ ಹಟ್ಟಿಯ ಮೇಲೆ ಕೂರಿಸಿದೆ. ಅರ್ಧ ಇಂಚಿನ ಪೈಪಿನಲ್ಲಿ ನಿಂತ ಎರಡೂವರೆ ಲೀಟರ್ ತಣ್ಣೀರು ಮೊದಲು ಬರುತ್ತದೆ, ಅದನ್ನು ಬಕೆಟಿನಲ್ಲಿ ಹಿಡಿದಿಟ್ಟರೆ ಮುಗಿಯಿತು. ಆ ಮನೆಯ ಅಕ್ಕ ಈಗ ಬಚ್ಚಲ ಒಲೆಗೆ ಗೆರಟೆ ಹಾಕುವುದು ಮಳೆಗಾಲದಲ್ಲಿ ಮಾತ್ರ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಯಾರಿಗೂ ಮಾತು ಕೊಡುವುದಿಲ್ಲ. ಹಂಡೆ ಇರಲಿ ಎನ್ನುತ್ತೇನೆ.

ನಕ್ಷೆ ನೋಡಿ ಹಾಕಿದವು ಹದಿನಾಲ್ಕೋ ಹದಿನೈದೋ ಆದವು. ಎರಡು ಚಳಿಗಾಲ ಕಳೆದಿದೆ, ಒಂದೂ ವಾಪಸು ಬಂದಿಲ್ಲ. ಅಂದು ನಕ್ಕವರಲ್ಲಿ ಇಬ್ಬರು ಕೆಲಸ ಹಿಡಿಯುವ ಮೊದಲು ಈಗ ನನಗೆ ಫೋನ್ ಮಾಡುತ್ತಾರೆ. ಈ ಡಿಸೆಂಬರಿನಲ್ಲಿ ಡಬ್ಬಿಗಳನ್ನು ಮುಳ್ಳೇರಿಯ ಕಡೆಗೆ ಒಯ್ಯಬೇಕು. ಅದಕ್ಕೆ ಮೊದಲು ಎರಡರ ಗಾಜು ಬದಲಿಸುವುದಿದೆ.